ಕಾಣೆಯಾದವರು ಯಾರು?

ಕಳೆದ ಆಟಿ ತಿಂಗಳಲ್ಲಿ ನಮ್ಮ ವಾಚನಾಲಯದ ಮಾಳಿಗೆಯಲ್ಲಿ ಮೂರು ಶನಿವಾರ ಮೂರು ಸಿನಿಮಾ ತೋರಿಸಿದರು. ಮೊದಲನೆಯದು ಮಲಯಾಳದ ‘ತನ್ಮಾತ್ರ’. ಎರಡನೆಯದು ಕನ್ನಡದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಮೂರನೆಯದು ಮರಾಠಿಯ ‘ಅಸ್ತು’. ಮೂರರಲ್ಲೂ ಒಬ್ಬ ಗಂಡಸಿಗೆ ಅಲ್ಝೈಮರ್ ಕಾಯಿಲೆ. ಹೊರಗೆ ಜಡಿಮಳೆ, ಒಳಗೆ ಗೋಡೆಗೆ ಕಟ್ಟಿದ ಬಿಳಿ ಮುಂಡಿನ ಮೇಲೆ ಸಿನಿಮಾ. ಮಲಯಾಳ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರಾಠಿಯ ದಿನ ಮಾತ್ರ, ಮುಂಬಯಿಯ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದು ಬಂದ ನಮ್ಮೂರಿನವರೊಬ್ಬರು ಎದುರಿನ ಬೆಂಚಿನಲ್ಲಿ ಕೂತು ಒಂದೊಂದು ಮಾತನ್ನೂ ಕನ್ನಡ ಮಾಡಿ ಹೇಳಿದರು. ನಡುವೆ ಅವರೇ ಅತ್ತುಬಿಟ್ಟರು. ಹತ್ತು ನಿಮಿಷದಷ್ಟು ನಮಗೆ ಅರ್ಥವಾಗಲಿಲ್ಲ, ಅರ್ಥವಾಗಬೇಕಾದ್ದು ಆಗಿತ್ತು.

ಸಿನಿಮಾ ಮುಗಿದ ಮೇಲೆ ಕಾರ್ಯದರ್ಶಿಗಳು, “ಟೀಚರೇ, ನಿಮಗೆ ಇದರ ಅನುಭವ ಉಂಟಲ್ಲ, ನಮ್ಮ ಪುಸ್ತಕಕ್ಕೆ ಒಂದು ಬರೆದು ಕೊಡಿ” ಎಂದರು. ಅನುಭವ ಬರೆಯುವುದಿಲ್ಲ, ಸಿನಿಮಾದ ಬಗ್ಗೆ ಬರೆಯುತ್ತೇನೆ ಎಂದೆ. ಬರೆಯಲು ಕೂತಾಗ ಎರಡನ್ನೂ ಬೇರೆ ಬೇರೆ ಇಡಲು ಆಗಲಿಲ್ಲ. ನನ್ನ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಎಂಟು ವರ್ಷ ಈ ಕಾಯಿಲೆಯಲ್ಲಿದ್ದರು. ಅವರನ್ನು ನೋಡಿಕೊಂಡದ್ದು ನಾನು. ಅವರು ತೀರಿಕೊಂಡು ಎರಡು ವರ್ಷವಾಯಿತು. ಆದ ಕಾರಣ ಈ ಮೂರು ಸಿನಿಮಾಗಳನ್ನು ನಾನು ಅಳೆದದ್ದು ಒಂದೇ ಕೋಲಿನಿಂದ: ನಮ್ಮ ಮನೆಯಲ್ಲಿ ನಡೆದದ್ದು ಇದರಲ್ಲಿ ಉಂಟಾ? ಇಷ್ಟನ್ನೇ ಹಿಡಿದು ಸಿನಿಮಾ ನೋಡಬಾರದು ಎನ್ನುವವರಿರಬಹುದು. ಆದರೆ ಇಂಥ ಕತೆಯನ್ನು ಇಂಥ ಮನೆಯವರೇ ಪರೀಕ್ಷಿಸದಿದ್ದರೆ ಇನ್ನು ಯಾರು ಪರೀಕ್ಷಿಸುವುದು?

ಮೊದಲು ನೋಡದವರಿಗಾಗಿ ಕತೆ. ‘ತನ್ಮಾತ್ರ’ 2005ರದ್ದು, ಬ್ಲೆಸ್ಸಿ ನಿರ್ದೇಶನದ್ದು. ಪದ್ಮರಾಜನ್ ಅವರ ‘ಓರ್ಮ’ ಎಂಬ ಸಣ್ಣಕತೆಯಿಂದ ಎಳೆ ತೆಗೆದುಕೊಂಡದ್ದು. ತಿರುವನಂತಪುರದ ಸೆಕ್ರೆಟರಿಯೇಟಿನ ಪ್ರಾಮಾಣಿಕ ನೌಕರ ರಮೇಶನ್ ನಾಯರ್‌ಗೆ ಮಗ ಐಎಎಸ್ ಆಗಬೇಕೆಂಬ ಆಸೆ. ನಡುವಯಸ್ಸಿನಲ್ಲೇ ಅವನ ನೆನಪು ಕೈಕೊಡಲು ಶುರುವಾಗುತ್ತದೆ. ಮೋಹನ್‌ಲಾಲ್‌ಗೆ ರಾಜ್ಯ ಪ್ರಶಸ್ತಿ ಬಂದ ಪಾತ್ರ. ‘ಗೋಧಿ ಬಣ್ಣ’ 2016ರದ್ದು, ಹೇಮಂತ್ ಎಂ. ರಾವ್ ಅವರ ಮೊದಲ ಸಿನಿಮಾ. ಅನಂತ್ ನಾಗ್ ಮಾಡಿದ ವೆಂಕೋಬ ರಾವ್ ಬೆಂಗಳೂರಿನ ಒಂದು ಆರೈಕೆ ಕೇಂದ್ರದಲ್ಲಿದ್ದಾರೆ. ಹೆಂಡತಿ ಇಲ್ಲ, ಮಗ ಶಿವ ಮುಂಬಯಿಯಲ್ಲಿ. ಮಗ ಊರಿಗೆ ಬಂದಾಗ, ಅವನ ಅಜಾಗ್ರತೆಯ ಒಂದು ಗಳಿಗೆಯಲ್ಲಿ ತಂದೆ ಕಾಣೆಯಾಗುತ್ತಾರೆ, ಅಪರಾಧಿಗಳ ಕೈಗೆ ಸಿಕ್ಕಿಬೀಳುತ್ತಾರೆ. ಹುಡುಕುತ್ತ ಹುಡುಕುತ್ತ ಮಗನಿಗೆ ತಂದೆಯ ಪರಿಚಯವಾಗುತ್ತದೆ. ‘ಅಸ್ತು’ ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕ್ಥಣಕರ್ ಇಬ್ಬರ ಸಿನಿಮಾ. ಚಕ್ರಪಾಣಿ ಶಾಸ್ತ್ರಿಗಳು ನಿವೃತ್ತ ಸಂಸ್ಕೃತ ಪ್ರಾಧ್ಯಾಪಕರು. ಮಗಳು ಕಾರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಹೋದಾಗ ಬೀದಿಯಲ್ಲಿ ಹೋಗುವ ಆನೆಯೊಂದನ್ನು ಕಂಡು ಅದರ ಹಿಂದೆಯೇ ನಡೆದುಬಿಡುತ್ತಾರೆ. ಶಾಸ್ತ್ರಿಗಳ ಪಾತ್ರ ಮಾಡಿದ ಮೋಹನ್ ಆಗಾಶೆ ಸ್ವತಃ ಮನೋವೈದ್ಯರು. ಮಾವುತನ ಹೆಂಡತಿ ಚನ್ನಮ್ಮ, ಹೆಸರೇ ಹೇಳುವಂತೆ ಕನ್ನಡದ ಹೆಂಗಸು. ಆ ಪಾತ್ರಕ್ಕೆ ಅಮೃತಾ ಸುಭಾಷ್ 2013ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು.

ಮೂರೂ ಒಳ್ಳೆಯ ಸಿನಿಮಾಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ತಕರಾರು ಜಾಸ್ತಿ ಉಂಟು.

‘ತನ್ಮಾತ್ರ’ದಲ್ಲಿ ರಮೇಶನ್ ಆಫೀಸಿನ ಮುಖ್ಯವಾದ ಫೈಲನ್ನು ಮನೆಯ ಫ್ರಿಜ್ಜಿನಲ್ಲಿ ಇಟ್ಟುಬಿಡುತ್ತಾನೆ. ಮಾಳಿಗೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅತ್ತೆಯ ಕನ್ನಡಕ ನಮಗೆ ಸಿಕ್ಕಿದ್ದು ಕುಚ್ಚಲಕ್ಕಿ ಡಬ್ಬದೊಳಗೆ. ವಸ್ತು ಎಲ್ಲಿಟ್ಟೆ ಎಂದು ಮರೆಯುವುದು ಎಲ್ಲರಿಗೂ ಉಂಟು. ಇಡಬಾರದ ಕಡೆ ಇಟ್ಟು, ಇಟ್ಟದ್ದೇ ಗೊತ್ತಿಲ್ಲದಿರುವುದು ಬೇರೆ. ವೈದ್ಯರು ಹೇಳುವ ಪ್ರಕಾರ ಈ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಮೆದುಳಿನ ಕೋಶಗಳ ನಡುವೆ ಗಡ್ಡೆಗಟ್ಟುತ್ತದೆ. ಟೌ ಎಂಬ ಇನ್ನೊಂದು ಕೋಶಗಳ ಒಳಗೇ ಸಿಕ್ಕುಗಟ್ಟುತ್ತದೆ. ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಮೊದಲೇ ಏಟು ಬೀಳುತ್ತದೆ. ಇವತ್ತು ನಡೆದದ್ದನ್ನು ನಾಳೆಗೆ ಉಳಿಸಿ ಇಡುವ ಕೆಲಸ ಅದರದ್ದು. ಆದ್ದರಿಂದ ಐವತ್ತು ವರ್ಷದ ಹಿಂದಿನದ್ದು ನೆನಪಿರುತ್ತದೆ, ಬೆಳಿಗ್ಗೆ ಗಂಜಿ ಉಂಡದ್ದು ನೆನಪಿರುವುದಿಲ್ಲ. ಜರ್ಮನಿಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ವೈದ್ಯರ ಸಭೆಯ ಮುಂದೆ ಇಟ್ಟ ಮೊದಲ ರೋಗಿ ಒಬ್ಬ ಹೆಂಗಸು, ಐವತ್ತು ದಾಟಿದಷ್ಟಕ್ಕೇ ಆಸ್ಪತ್ರೆ ಸೇರಿದವಳು. ಆದರೆ ಬಹಳಷ್ಟು ಜನಕ್ಕೆ ಇದು ಬರುವುದು ಅರುವತ್ತೈದರ ಮೇಲೆ. ರಮೇಶನ್‌ನಂತೆ ನಡುವಯಸ್ಸಿನಲ್ಲಿ ಬರುವುದು ವಿರಳ. ಒಂದೇ ಜೀನಿನ ಮೂಲಕ ತಂದೆತಾಯಿಯಿಂದ ನೇರ ಇಳಿದು ಬರುವುದಂತೂ ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಸಿನಿಮಾ ಮುಗಿದಾಗ ನನ್ನ ಪಕ್ಕದ ಹುಡುಗ, “ನಮ್ಮ ಅಜ್ಜನಿಗೂ ಮರೆವು ಇತ್ತು, ನನಗೂ ಬರ್ತದಾ ಟೀಚರ್?” ಎಂದು ಹೆದರಿ ಕೇಳಿದ. ಇಷ್ಟು ಪ್ರಬಲವಾದ ಸಿನಿಮಾ ಇಂಥ ಹೆದರಿಕೆಯನ್ನೂ ಜತೆಗೆ ಕಳಿಸಿಕೊಡುತ್ತದೆ. ಅದನ್ನು ಇಳಿಸುವ ಕೆಲಸ ನೋಡಿದವರ ಪಾಲಿಗೆ ಉಳಿಯುತ್ತದೆ.

ಇನ್ನು ನನ್ನ ಮೊದಲನೆಯ ತಕರಾರು. ಒಬ್ಬ ಸೆಕ್ರೆಟರಿಯೇಟಿನ ಬುದ್ಧಿವಂತ, ಒಬ್ಬ ಪಟ್ಟಣದ ಸುಸಂಸ್ಕೃತ, ಒಬ್ಬ ಸಂಸ್ಕೃತ ಪಂಡಿತ. ಮೂವರೂ ಗಂಡಸರು, ಮೂವರೂ ಓದಿದವರು. ದೊಡ್ಡ ಮರ ಬಿದ್ದರೆ ಮಾತ್ರ ಶಬ್ದ ಎಂಬ ಹಾಗೆ. ಕಾಳಿದಾಸ ಬಾಯಿಪಾಠ ಇದ್ದವನು ಮಗಳ ಹೆಸರು ಮರೆತರೆ ನಮಗೆ ಎದೆ ಒಡೆಯುತ್ತದೆ. ಬೀಡಿ ಕಟ್ಟಿ, ದನ ಕಟ್ಟಿ, ಐದು ಮಕ್ಕಳನ್ನು ಸಾಕಿದ ಹೆಂಗಸು ಸಾರಿಗೆ ಎರಡು ಸಲ ಉಪ್ಪು ಹಾಕಿದರೆ “ವಯಸ್ಸಾಯಿತಲ್ಲ” ಎನ್ನುತ್ತೇವೆ. ನಾವು ಹಾಗೆಯೇ ಎಂದೆವು, ಎರಡು ವರ್ಷ.

ಲೆಕ್ಕ ಬೇರೆಯೇ ಹೇಳುತ್ತದೆ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರುವತ್ತು ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಉಂಟು. ಅಲ್ಝೈಮರ್ ಇದರ ಮುಖ್ಯ ಕಾರಣ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಶಾಲೆಯ ಮೆಟ್ಟಿಲು ಹತ್ತದವರಲ್ಲಿ ಇದು ಹೆಚ್ಚು. ಎಂದಮೇಲೆ ಹಳ್ಳಿಯ ಓದದ ಮುದುಕಿಯೇ ಈ ಕತೆಯ ನಡುವೆ ಇರಬೇಕಾದವಳು. ಮೂರು ಭಾಷೆಯ ಮೂರು ಸಿನಿಮಾದಲ್ಲೂ ಅವಳಿಗೆ ಆ ಜಾಗ ಇಲ್ಲ.

ಅವಳನ್ನು ಕಾಣದಿರಲು ನಮ್ಮ ಹತ್ತಿರ ಒಂದು ಗಾದೆಯೂ ಉಂಟು, ಅರುವತ್ತಕ್ಕೆ ಅರಳು ಮರಳು ಅಂತ. ಇದೇ ಮಾತನ್ನು ಬೇಂದ್ರೆಯವರು ತಮ್ಮ ಅರುವತ್ತರ ಹೊತ್ತಿನ ಸಂಕಲನಕ್ಕೆ ಹೆಸರಾಗಿ ಇಟ್ಟರು. 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೇ. ಅವರೂ ನಮ್ಮ ಹಾಗೆ ಗಡಿಯಾಚೆಯ ಕನ್ನಡದಲ್ಲಿ ಬದುಕಿದವರು, ಸೊಲ್ಲಾಪುರದ ಕಾಲೇಜಿನಲ್ಲಿ ಹತ್ತಾರು ವರ್ಷ ಪಾಠ ಮಾಡಿದವರು. ಅರಳು ಮರಳು ಎಂದರೆ ಮರಳಿ ಅರಳುವುದು ಎಂದೂ ಓದಬಹುದಲ್ಲ, ಆ ತಿರುವು ನನಗೆ ಬಹಳ ಇಷ್ಟ. ಆದರೆ ದಿನನಿತ್ಯದ ಬಾಯಿಯಲ್ಲಿ ಗಾದೆ ಹಳೆಯ ಅರ್ಥದಲ್ಲೇ ಓಡಾಡುತ್ತದೆ. ಮುಪ್ಪಿಗೂ ಕಾಯಿಲೆಗೂ ವ್ಯತ್ಯಾಸ ಇಲ್ಲ ಎನ್ನುತ್ತದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಕೆಲಸ ತಪ್ಪಿಸುತ್ತದೆ. ಅದರಿಂದ ನಷ್ಟ ಎಷ್ಟೆಂದರೆ, ಮರೆವೆಲ್ಲ ಅಲ್ಝೈಮರ್ ಅಲ್ಲ. ಥೈರಾಯ್ಡ್ ಕಡಿಮೆಯಾದರೂ, ಬಿ12 ಜೀವಸತ್ವ ಕಡಿಮೆಯಾದರೂ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಖಿನ್ನತೆ ಬಂದ ಮುದುಕರೂ ಮಂಕಾಗಿ, ಕೇಳಿದ್ದಕ್ಕೆಲ್ಲ “ಗೊತ್ತಿಲ್ಲ” ಎನ್ನುತ್ತಾರೆ. ಇವಕ್ಕೆಲ್ಲ ಮದ್ದು ಉಂಟು. ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ವರ್ಷ ಸರಿಯಾಗಿ ಉಣ್ಣಲಿಲ್ಲ, ನಿದ್ದೆ ಮಾಡಲಿಲ್ಲ, ಜಗಲಿಗೇ ಬರಲಿಲ್ಲ. ದುಃಖ ಇರ್ತದೆ, ಸರಿ ಹೋಗ್ತದೆ ಅಂದುಕೊಂಡೆವು. ಅವರ ಕಿವಿಯೂ ಮಂದವಾಗಿತ್ತು. ಯಂತ್ರ ಯಾಕೆ ಈ ವಯಸ್ಸಿಗೆ ಎಂದೆವು. ಕಿವಿ ಮಂದವಾಗುವುದು, ಖಿನ್ನತೆ, ಒಂಟಿತನ, ಬಿಪಿ, ಸಕ್ಕರೆ ಇವೆಲ್ಲ ಡಿಮೆನ್ಷಿಯಾ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಎಂದು ನನಗೆ ಆಮೇಲೆ ಗೊತ್ತಾಯಿತು. 2024ರ ಲ್ಯಾನ್ಸೆಟ್ ಆಯೋಗ ಇಂಥ 14 ಕಾರಣಗಳನ್ನು ಪಟ್ಟಿ ಮಾಡಿ, ಬಾಲ್ಯದ ಓದಿನಿಂದ ಹಿಡಿದು ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ. ನಮ್ಮ ಅತ್ತೆಗೆ ತಡೆಯಬಹುದಿತ್ತು ಎಂದು ನಾನು ಹೇಳುತ್ತಿಲ್ಲ. ಕಿವಿಗೆ ಯಂತ್ರ ಕೊಡಿಸಬಹುದಿತ್ತು, ಅಷ್ಟು ಹೇಳುತ್ತೇನೆ. ಮೂರು ಸಿನಿಮಾಗಳಲ್ಲೂ ಕಾಯಿಲೆ ಸಿಡಿಲಿನ ಹಾಗೆ ಮೇಲಿನಿಂದ ಬೀಳುತ್ತದೆ. ಅದಕ್ಕೆ ಮುಂಚಿನ ಈ ಸಣ್ಣ ಸಣ್ಣ ಉದಾಸೀನಗಳ ಕತೆ ಯಾವುದರಲ್ಲೂ ಇಲ್ಲ.

ಎರಡನೆಯ ತಕರಾರು ದಾರಿ ತಪ್ಪುವುದರ ಬಗ್ಗೆ. ‘ಗೋಧಿ ಬಣ್ಣ’ದಲ್ಲೂ ‘ಅಸ್ತು’ವಿನಲ್ಲೂ ಮುದುಕರು ಬೀದಿಯಲ್ಲಿ ಕಳೆದುಹೋಗುತ್ತಾರೆ. ಕಾಣೆಯಾದವರ ಪ್ರಕಟಣೆಯ ಒಣ ಮಾತನ್ನೇ ಹೆಸರಾಗಿ ಇಟ್ಟದ್ದು ಕನ್ನಡ ಸಿನಿಮಾದ ಜಾಣತನ. ತಂದೆಯನ್ನು ವರ್ಣಿಸಲು ಮಗನಿಗೆ ಬಣ್ಣ, ಮೈಕಟ್ಟು ಬಿಟ್ಟರೆ ಬೇರೆ ಮಾತೇ ಇರಲಿಲ್ಲ ಎಂಬುದು ಆ ಹೆಸರಿನಲ್ಲೇ ಉಂಟು. ಕಾಯಿಲೆಯವರು ಎದ್ದು ಹೊರಟುಹೋಗುವುದೂ ಸುಳ್ಳಲ್ಲ. ಗೇಟಿಗೆ ಬೀಗ ಹಾಕಿ ಮಲಗಿದವಳು ನಾನು. ಆದರೆ ಕತೆಗೆ ಬೇಕು ಅಂತ ಅವರನ್ನು ಬೀದಿಗೆ ಕಳಿಸಿದರೆ, ಕತೆ ಹುಡುಕಾಟದ್ದಾಗುತ್ತದೆ. ಹುಡುಕಿದರೆ ಸಿಗುತ್ತಾರೆ, ಸಿಕ್ಕಿದರೆ ಸಿನಿಮಾ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಅತ್ತೆ ಕಣ್ಣೆದುರೇ ಇದ್ದರು, ಸಿಕ್ಕಿದ ಮರುದಿನ ಏನು ಎಂಬುದೇ ನಮ್ಮ ಕತೆಯಾಗಿತ್ತು.

ಸಂಜೆ ನಾಲ್ಕೂವರೆಯಾದರೆ ಅವರಿಗೆ ಕಸಿವಿಸಿ ಶುರು. ಹೊತ್ತು ಇಳಿಯುವಾಗ ಈ ಕಾಯಿಲೆಯವರಲ್ಲಿ ಕೆಲವರಿಗೆ ಗಾಬರಿ ಜಾಸ್ತಿ. ಸೀರೆಯ ಸೆರಗಿನಲ್ಲಿ ಎರಡು ಅಡಿಕೆ ಕಟ್ಟಿಕೊಂಡು, “ಯಾನ್ ಇಲ್ಲಡೆ ಪೋಪೆ” ಎಂದು ಹೊರಡುತ್ತಿದ್ದರು. ನಾನು ಮನೆಗೆ ಹೋಗುತ್ತೇನೆ ಅಂತ. ಅರುವತ್ತು ವರ್ಷ ಬದುಕಿದ ಮನೆಯ ಬಾಗಿಲಲ್ಲಿ ನಿಂತು ಹೇಳುವ ಮಾತದು. ಮೊದಲ ವರ್ಷ ನಾನು ವಾದ ಮಾಡಿದೆ. “ಮಾಮಿ, ಇದೇ ನಿಮ್ಮ ಮನೆ, ಗೋಡೆಯ ಮೇಲೆ ಮಾವನ ಫೋಟೋ ನೋಡಿ” ಎಂದೆ. ಫೋಟೋ ನೋಡಿದರೆ ಅವರು ತೀರಿಹೋದದ್ದು ಆಗಷ್ಟೇ ಗೊತ್ತಾದ ಹಾಗೆ ಅಳುತ್ತಿದ್ದರು. ದಿನಾ ಒಂದು ಸಾವು ಹೇಳಿದ ಹಾಗಾಯಿತು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಒಬ್ಬಳು ಮನೆಗೆ ಬರುತ್ತಿದ್ದಳು, ಮಲಯಾಳಿ ಹುಡುಗಿ. ಅವಳೇ ಒಂದು ದಿನ, “ತಿದ್ದಬೇಡಿ ಚೇಚಿ, ಜತೆಗೆ ಹೋಗಿ” ಎಂದಳು. ಆಮೇಲೆ ನಾನು ವಾದ ಬಿಟ್ಟೆ. “ಹೋಗುವಾ ಮಾಮಿ” ಎಂದು ಕೊಡೆ ಹಿಡಿದು ಅವರ ಜತೆ ತೋಟದ ಕಟ್ಟೆಪುಣಿಯಲ್ಲಿ ನಡೆಯುತ್ತಿದ್ದೆ. ತೋಡಿನ ಸಂಕದವರೆಗೆ ಹೋಗಿ ತಿರುಗಿ ಬರುವಾಗ ಅದೇ ಮನೆ ಅವರಿಗೆ ಸಿಕ್ಕಿದ ಮನೆಯಾಗಿರುತ್ತಿತ್ತು. “ವಣಸ್ ಆಂಡಾ?” ಎಂದು ನನ್ನನ್ನೇ ಉಪಚರಿಸುತ್ತಿದ್ದರು.

ಈ ಕಾರಣಕ್ಕೇ ಮೂರು ಸಿನಿಮಾದಲ್ಲಿ ನನಗೆ ಅತ್ಯಂತ ನಿಜವಾಗಿ ಕಂಡ ಪಾತ್ರ ಚನ್ನಮ್ಮ. ಅವಳಿಗೆ ಅಲ್ಝೈಮರ್ ಎಂಬ ಹೆಸರು ಗೊತ್ತಿಲ್ಲ, ಶಾಸ್ತ್ರಿಗಳ ಪಾಂಡಿತ್ಯ ಗೊತ್ತಿಲ್ಲ. ಮುಂಚೆ ಇವರು ಹೇಗಿದ್ದರು ಎಂಬ ಲೆಕ್ಕವೇ ಅವಳ ಹತ್ತಿರ ಇಲ್ಲ, ಆದ್ದರಿಂದ ನಷ್ಟವೂ ಇಲ್ಲ. ಎದುರಿಗೆ ಇರುವವನು ಮಗುವಿನಂಥವನು, ಅಷ್ಟೇ. ಸ್ವಂತ ಮಗಳಿಗೆ ಕಷ್ಟವಾದದ್ದು ಈ ಪರಕೀಯಳಿಗೆ ಸುಲಭವಾಗುತ್ತದೆ. ಮಗಳನ್ನು ಕೆಟ್ಟವಳು ಮಾಡದೆ ಈ ವ್ಯತ್ಯಾಸವನ್ನು ತೋರಿಸಿದ್ದು ‘ಅಸ್ತು’ವಿನ ಹೆಚ್ಚುಗಾರಿಕೆ. ಆದರೆ ನನ್ನದೊಂದು ಪ್ರಶ್ನೆ ಉಳಿಯಿತು. ಚನ್ನಮ್ಮ ನೋಡಿಕೊಂಡದ್ದು ಕೆಲವೇ ಹೊತ್ತು. ಎಂಟು ವರ್ಷ ನೋಡಿಕೊಂಡಿದ್ದರೆ ಅವಳ ಮುಖವೂ ಮಗಳ ಮುಖದ ಹಾಗೆ ಆಗುತ್ತಿತ್ತೋ ಏನೋ.

ಮೂರನೆಯದು ಭಾಷೆಯ ವಿಷಯ. ಗಡಿಯಲ್ಲಿರುವ ನಾವು ಮಾತ್ರ ಎತ್ತಬಹುದಾದ ತಕರಾರು ಇದು. ಈ ಮೂರು ಸಿನಿಮಾಗಳ ಮನೆಗಳಲ್ಲಿ ಒಂದೊಂದು ಮನೆಗೆ ಒಂದೊಂದೇ ಭಾಷೆ. ನಮ್ಮ ಮನೆಯಲ್ಲಿ ನಾಲ್ಕು. ಅತ್ತೆಗೆ ಮನೆಯಲ್ಲಿ ತುಳು, ನೆಂಟರಿಷ್ಟರೊಡನೆ ಕನ್ನಡ, ಬೀಡಿ ಬ್ರಾಂಚಿನಲ್ಲಿ ಮಲಯಾಳ, ಮೀನಿನವನೊಡನೆ ಬ್ಯಾರಿ. ಕಾಯಿಲೆ ಬಂದ ಮೇಲೆ ಅವು ಒಂದೊಂದಾಗಿ ಕಳಚಿದವು, ಕೊನೆಗೆ ಕಲಿತದ್ದು ಮೊದಲು. ಬ್ಯಾರಿ ಹೋಯಿತು, ಮಲಯಾಳ ಹೋಯಿತು, ಕನ್ನಡ ಅರ್ಧ ಹೋಯಿತು. ಕೊನೆಯ ಎರಡು ವರ್ಷ ತುಳು ಮಾತ್ರ. ನನ್ನನ್ನು ಏಕವಚನದಲ್ಲಿ ‘ಈ’ ಎಂದು ಕರೆಯುತ್ತಿದ್ದವರು ಒಂದು ದಿನ ಬಹಳ ಮರ್ಯಾದೆಯಿಂದ, “ಈರ್ ಏರ್?” ಎಂದರು. ನೀವು ಯಾರು? ಆ ಬಹುವಚನದಲ್ಲಿ ನಾನು ಮನೆಯವಳಲ್ಲ ಎಂಬುದಿತ್ತು. ಬೇರೆ ಯಾವ ಭಾಷೆಯಲ್ಲಾದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಅವರನ್ನು ಮೊದಲು ಪರೀಕ್ಷಿಸಿದ ಆಸ್ಪತ್ರೆಯಲ್ಲಿ ಪ್ರಶ್ನೆಗಳೆಲ್ಲ ಮಲಯಾಳದಲ್ಲಿ. ಇವತ್ತು ಯಾವ ವಾರ, ಇದು ಎಷ್ಟನೆಯ ಮಹಡಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ. ಶಾಲೆಗೆ ಹೋಗದವರು ಏಳು ಕಳೆಯುವುದೆಲ್ಲಿ? ಆದರೆ ಇಪ್ಪತ್ತೈದು ಬೀಡಿಯ ಕಟ್ಟು ಎಣಿಸಿ ಸಾವಿರದ ಲೆಕ್ಕ ಕೊಡುತ್ತಿದ್ದವರು. ಯಾವ ಜಿಲ್ಲೆ ಎಂದು ಕೇಳಿದರು. “ಸೌತ್ ಕೆನರಾ” ಎಂದರು ಅತ್ತೆ. ತಪ್ಪು ಎಂದು ಗುರುತು ಬಿತ್ತು. ಅವರು ಹುಟ್ಟಿದ್ದು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನಲ್ಲಿ. 1956 ನವೆಂಬರ್ 1ಕ್ಕೆ ತಾಲೂಕು ಕೇರಳಕ್ಕೆ ಸೇರಿತು. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ ತಿಂಗಳಲ್ಲಿ. ಇರುವಲ್ಲೇ ಇದ್ದ ಹೆಂಗಸಿನ ಕಾಲಡಿಯಲ್ಲಿ ಜಿಲ್ಲೆ ಮೂರಾಯಿತು. ಆ ಉತ್ತರ ಕಾಯಿಲೆಯದ್ದೇ ಇರಬಹುದು, ಅಲ್ಲ ಎನ್ನುವುದಿಲ್ಲ. ಆದರೆ ಅವರ ಭಾಷೆಯಲ್ಲಿ, ಅವರ ಬದುಕಿನ ಲೆಕ್ಕದಲ್ಲಿ ಕೇಳಿದ್ದರೆ ಎಷ್ಟು ಉಳಿದಿದೆ ಎಂಬುದೂ ಗೊತ್ತಾಗುತ್ತಿತ್ತು. ಓದುಬರಹ ಬಾರದ ಹಳ್ಳಿಯವರಿಗೆಂದೇ ಈ ಪರೀಕ್ಷೆಯನ್ನು ತಿದ್ದಿ ಬರೆದ ಕೆಲಸ ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲೇ ಆಗಿದೆ.

ಭಾಷೆಯ ಬಗ್ಗೆ ಒಂದು ಸಂತೋಷದ ಸಂಗತಿಯೂ ಉಂಟು. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆಯ ಲಕ್ಷಣ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಹೈದರಾಬಾದಿನ ತೆಲುಗು, ದಖನಿಯ ಹಾಗೆಯೇ ಅಲ್ಲವೇ ನಮ್ಮ ತುಳು, ಕನ್ನಡ, ಮಲಯಾಳ? ಇದು ಕಾಯಿಲೆಯನ್ನು ತಪ್ಪಿಸುತ್ತದೆ ಎಂದು ಅಧ್ಯಯನ ಹೇಳುವುದಿಲ್ಲ. ಆದರೂ ನಾಲ್ಕು ಭಾಷೆಯ ಈ ನಮ್ಮ ಗಲಾಟೆಯ ಬದುಕನ್ನು ಹೊರೆ ಎಂದು ಗೊಣಗುವವರು ಇದನ್ನು ನೆನಪಿಡಬಹುದು. ಯಾರಾದರೂ ನಮ್ಮ ಊರಿನ ಅಜ್ಜಿಯ ಮೇಲೆ ಸಿನಿಮಾ ಮಾಡಿದರೆ, ಭಾಷೆಗಳು ಒಂದೊಂದಾಗಿ ಮನೆ ಬಿಟ್ಟು ಹೋಗುವುದನ್ನು ತೋರಿಸಲಿ. ಅದು ಬೆಂಗಳೂರಿನಲ್ಲಿ ಕೂತು ಬರೆಯಲು ಬರುವ ಕತೆಯಲ್ಲ.

ಭಾಷೆ ಹೋದ ಮೇಲೂ ಅವರ ಕೈಗೆ ಮರೆವು ಬರಲಿಲ್ಲ. ಎಲೆ, ಕತ್ತರಿ, ನೂಲು ಎದುರಿಗಿಟ್ಟರೆ ಬೀಡಿ ಕಟ್ಟುತ್ತಿದ್ದರು. ಕೈಕೆಲಸದ ನೆನಪು ಮೆದುಳಿನ ಬೇರೆ ಭಾಗದ್ದು, ಬಹಳ ಕಾಲ ಉಳಿಯುತ್ತದಂತೆ. ಹೊಗೆಸೊಪ್ಪು ಇಲ್ಲದೆ ಬರೇ ಎಲೆ ಸುತ್ತಿದರೂ ಅವರಿಗೆ ಸಮಾಧಾನ. ‘ತನ್ಮಾತ್ರ’ದ ನಾಯಕನಲ್ಲಿ ಏನೇನು ಹೋಯಿತು ಎಂಬ ಪಟ್ಟಿ ದೃಶ್ಯ ದೃಶ್ಯಕ್ಕೂ ಬೆಳೆಯುತ್ತದೆ. ಮೋಹನ್‌ಲಾಲ್‌ನ ಕಣ್ಣು ಖಾಲಿಯಾಗುತ್ತ ಹೋಗುವ ರೀತಿ ಅಭಿನಯದಲ್ಲಿ ದೊಡ್ಡದು. ಆದರೆ ಏನು ಉಳಿಯಿತು ಎಂದು ಆ ಸಿನಿಮಾ ಹುಡುಕುವುದು ಕಡಿಮೆ. ಮಗನ ಐಎಎಸ್ಸಿಗೂ ತಂದೆಯ ಸಾವಿಗೂ ಗಂಟು ಹಾಕಿ ಮುಗಿಸುವಲ್ಲಿ, ತಂದೆ ಮಗನ ಯಶಸ್ಸಿನ ಕತೆಗೆ ಒಂದು ಮೆಟ್ಟಿಲಾಗಿಬಿಡುತ್ತಾನೆ. ‘ಗೋಧಿ ಬಣ್ಣ’ದ ಅನಂತ್ ನಾಗ್ ಹಾಗಲ್ಲ. ಅವರ ವೆಂಕೋಬ ರಾವ್ ಯಾರ ಕೈಗೆ ಸಿಕ್ಕಿದರೂ ಮನುಷ್ಯನಾಗಿಯೇ ಇರುತ್ತಾರೆ: ಅದೇ ಸೌಮ್ಯ, ಹೆಂಡತಿಯ ನೆನಪಿನ ಅದೇ ನಾಚಿಕೆ. ಕಾಯಿಲೆಯವರಲ್ಲೂ ಸ್ವಭಾವ ಉಳಿಯಬಹುದು ಎಂಬುದನ್ನು ನಮ್ಮ ಭಾಷೆಯಲ್ಲಿ ಇಷ್ಟು ಚೆನ್ನಾಗಿ ತೋರಿಸಿದ ನಟರು ಬೇರೆ ನನಗೆ ಗೊತ್ತಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೂರೂ ಸಿನಿಮಾಗಳಲ್ಲಿ ಕಾಣೆಯಾದ ಇನ್ನೊಬ್ಬರು ಇದ್ದಾರೆ, ಅವರಿಗೆ ಪ್ರಕಟಣೆಯೂ ಇಲ್ಲ. ವೆಂಕೋಬ ರಾವ್ ಅವರಿಗೆ ದಿನಾ ಸ್ನಾನ ಮಾಡಿಸುತ್ತಿದ್ದವರು ಯಾರು? ರಾತ್ರಿ ಮೂರು ಸಲ ಎದ್ದು ಒದ್ದೆ ಬಟ್ಟೆ ಬದಲಿಸಿದವರು ಯಾರು? ಡಾಕ್ಟರಮ್ಮ ಸಹನಾ ಪ್ರೀತಿಯ ಕತೆಯ ನಾಯಕಿಯಾಗುತ್ತಾಳೆ. ಆರೈಕೆ ಕೇಂದ್ರದ ಆಯಾಗಳ ಮುಖ ನನಗೆ ನೆನಪಿಲ್ಲ. ‘ಅಸ್ತು’ವಿನ ಮಗಳ ಅಪರಾಧಿ ಭಾವ ನಿಜವಾದದ್ದು, ಆದರೆ ಅದು ಹೆಚ್ಚಾಗಿ ಮಾತಿನಲ್ಲಿ ಬರುತ್ತದೆ. ‘ತನ್ಮಾತ್ರ’ದ ಹೆಂಡತಿ ಲೇಖಾ ಇವರೆಲ್ಲರಿಗಿಂತ ಹೆಚ್ಚು ನಿಜ. ಗಂಡ ಮಗುವಾಗುವುದು ಹೆಂಡತಿಗೆ ಏನು ಎಂಬುದನ್ನು ಬ್ಲೆಸ್ಸಿ ಧೈರ್ಯದಿಂದ ಮುಟ್ಟಿದ್ದಾರೆ. ಆದರೆ ಲೇಖಾಳಿಗೆ ಕೋಪ ಬರುವುದನ್ನು ನಾನು ನೋಡಬೇಕಿತ್ತು. ಅವಳಿಗೆ ಕಣ್ಣೀರು ಮಾತ್ರ ಕೊಟ್ಟಿದ್ದಾರೆ.

ನನಗೆ ಕೋಪ ಬರುತ್ತಿತ್ತು. ಬರೆದುಬಿಡುತ್ತೇನೆ. ‘ಗೋಧಿ ಬಣ್ಣ’ವನ್ನು ನಾನು ಮೊದಲು ನೋಡಿದ್ದು ಮನೆಯ ಟೀವಿಯಲ್ಲಿ, ಅತ್ತೆಯ ಕಾಯಿಲೆಯ ಮೂರನೆಯ ವರ್ಷ. ವೆಂಕೋಬ ರಾವ್ ಬೀದಿಯಲ್ಲಿ ಅಲೆಯುವಾಗ ಸೆರಗಿನಿಂದ ಕಣ್ಣೊರೆಸಿಕೊಂಡೆ. ನಡುವೆ ಅತ್ತೆ ಬಂದು, “ಯಾನ್ ಇಲ್ಲಡೆ ಪೋಪೆ” ಎಂದರು. ಆ ಹೊತ್ತಿಗೆ ಇಪ್ಪತ್ತನೆಯ ಸಲ. ತೋಳು ಹಿಡಿದು ಜೋರಾಗಿ ಕೂರಿಸಿ, ಬಾಯಿ ಮುಚ್ಚಿ ಎಂದು ಕಿರುಚಿದೆ. ಅವರು ಹೆದರಿ ಗೋಡೆಗೆ ಒತ್ತಿ ಕೂತರು. ನಾನು ಮತ್ತೆ ಟೀವಿಯ ಕಡೆ ತಿರುಗಿದೆ, ಮತ್ತೆ ವೆಂಕೋಬ ರಾವ್‌ಗಾಗಿ ಅತ್ತೆ. ಅವರ ತೋಳಿನ ಮೇಲೆ ನನ್ನ ಬೆರಳಿನ ಗುರುತು ಎರಡು ದಿನ ಇತ್ತು. ಪರದೆಯ ಮುದುಕ ನನ್ನ ನಿದ್ದೆ ಕೆಡಿಸುವುದಿಲ್ಲ, ಹೇಲು ಮೆತ್ತುವುದಿಲ್ಲ. ಅವನಿಗಾಗಿ ಅಳುವುದು ಸುಲಭ. ಇಂಥ ಸಿನಿಮಾಗಳ ಅಪಾಯ ಇದೇ: ಅತ್ತು ಮುಗಿಸಿದವರಿಗೆ ತಾವು ಏನೋ ಮಾಡಿದೆವು ಅನಿಸುತ್ತದೆ. ನನಗೂ ಅನಿಸಿತ್ತು.

ನೋಡಿಕೊಳ್ಳುವವರಿಗೆ ಖಿನ್ನತೆ ಬರುವುದು ಬಹಳ ಸಾಮಾನ್ಯ ಎಂದು ಆಮೇಲೆ ಡಾಕ್ಟರು ಹೇಳಿದರು. ನಿದ್ದೆ ಇಲ್ಲದೆ, ಮದುವೆ ಮುಂಜಿಗೆ ಹೋಗದೆ ನಾನು ಐದು ವರ್ಷ ಇದ್ದೆ. ಊರವರು ಬಂದು ಅತ್ತೆಯ ಆರೋಗ್ಯ ಕೇಳುತ್ತಿದ್ದರು, ಟೀಚರೇ ನೀವು ಹೇಗಿದ್ದೀರಿ ಎಂದು ಕೇಳಿದ್ದು ಆ ನರ್ಸ್ ಹುಡುಗಿ ಒಬ್ಬಳೇ. ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ ನೀತಿ ಮಾಡಿ ಅದನ್ನು ಪಂಚಾಯತಿನವರೆಗೆ ತಂದದ್ದರಿಂದ ಅವಳು ನಮ್ಮ ಮನೆಗೆ ಬಂದಳು. ‘ಆಶ್ವಾಸಕಿರಣಂ’ ಎಂಬ ಸರಕಾರಿ ಯೋಜನೆಯ ಸಣ್ಣ ಮಾಸಾಶನ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗಾಗಿ ಇರುವುದು. ದುಡ್ಡು ದೊಡ್ಡದಲ್ಲ, ಆದರೆ ಸರಕಾರದ ಕಾಗದಕ್ಕೆ ಕಂಡವರು ನಮ್ಮ ಸಿನಿಮಾದವರಿಗೆ ಕಾಣಲಿಲ್ಲವಲ್ಲ ಎಂದು ನನಗೆ ಆಶ್ಚರ್ಯ. ಮನಸ್ಸಿಗೆ ಕಷ್ಟವಾದಾಗ ಮಾತಾಡಲು ಟೆಲಿ ಮಾನಸ್‌ನ 14416, ಹಿರಿಯರ ವಿಷಯಕ್ಕೆ 14567, ಈ ಎರಡು ನಂಬ್ರಗಳನ್ನು ಯಾರಾದರೂ ನನಗೆ ಮುಂಚೆಯೇ ಹೇಳಿದ್ದರೆ ಎಂದು ಅನಿಸುವುದರಿಂದ ಇಲ್ಲಿ ಬರೆದಿದ್ದೇನೆ.

ಯಾವುದು ಒಳ್ಳೆಯ ಸಿನಿಮಾ ಎಂದು ಕೇಳಿದರೆ, ನನ್ನ ಲೆಕ್ಕದಲ್ಲಿ ‘ಅಸ್ತು’ ಮೊದಲು, ಚನ್ನಮ್ಮನಿಗಾಗಿ. ಆಮೇಲೆ ‘ಗೋಧಿ ಬಣ್ಣ’, ಅನಂತ್ ನಾಗ್ ಅವರಿಗಾಗಿ. ‘ತನ್ಮಾತ್ರ’ ಮೂರನೆಯದಾದರೂ, ನಮ್ಮ ಜಿಲ್ಲೆಯಲ್ಲಿ ಆ ಕಾಯಿಲೆಯ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಅದೇ. ಬಸ್ಸಿನಲ್ಲಿ ಒಬ್ಬರು ನನ್ನ ಅತ್ತೆಯನ್ನು ನೋಡಿ, “ಮೋಹನ್‌ಲಾಲಿಗೆ ಬಂದದ್ದಲ್ಲವಾ?” ಎಂದು ಕೇಳಿ ಸೀಟು ಬಿಟ್ಟುಕೊಟ್ಟಿದ್ದರು. ಹುಚ್ಚು ಎನ್ನಲಿಲ್ಲ. ಒಂದು ಸಿನಿಮಾ ಇಷ್ಟು ಮಾಡಿದರೆ ಸಣ್ಣದೇನಲ್ಲ.

ಕೊನೆಗೆ ವಾಚನಾಲಯದವರಿಗೇ ಒಂದು ಮಾತು. ನಮ್ಮ ಬೈಲಿನ ಕೆಳಗಿನ ಮನೆಯ ಅಕ್ಕ ನಾಲ್ಕು ವರ್ಷದಿಂದ ಗಂಡನನ್ನು ಇದೇ ಕಾಯಿಲೆಯಲ್ಲಿ ನೋಡಿಕೊಳ್ಳುತ್ತಿದ್ದಾರೆ. ಮೂರು ಶನಿವಾರವೂ ಅವರು ಸಿನಿಮಾಕ್ಕೆ ಬರಲಿಲ್ಲ. ಬರುವುದು ಹೇಗೆ? ಸಂಜೆ ಐದು ಗಂಟೆಗೆ ಇಟ್ಟಿರಿ, ಅದು ಗಂಡ ಮನೆಗೆ ಹೋಗಬೇಕು ಎಂದು ಎದ್ದು ನಿಲ್ಲುವ ಹೊತ್ತು. ನಾವು ನಲುವತ್ತು ಜನ ಮಾಳಿಗೆಯಲ್ಲಿ ಕೂತು ಅಳುವಾಗ ಅವರು ಅಲ್ಲಿ ಗೇಟು ಹಿಡಿದು ನಿಂತಿದ್ದರು. ಮುಂದಿನ ಸಲ ಸಿನಿಮಾ ಬೆಳಿಗ್ಗೆ ಹತ್ತಕ್ಕೆ ಇಡಿ. ಎರಡೂವರೆ ಗಂಟೆ ಆ ಮನೆಯಲ್ಲಿ ಕೂರಲು ಇಬ್ಬರು ಬೇಕಾಗುತ್ತದೆ. ಒಬ್ಬಳು ನಾನು. ಇನ್ನೊಬ್ಬರ ಹೆಸರನ್ನು ಹಾಜರಿ ಪುಸ್ತಕದ ಹಿಂದೆ ಬರೆದಿಡಿ.